ಚರ್ಚಿನ ಹೊರಗೆ ಉಳಿದ ಡೋಲು

1960ರ ಸುಮಾರಿನ ಒಂದು ಈಸ್ಟರ್ ಹಬ್ಬ. ನೈಜೀರಿಯಾದ ಒಶೊಗ್ಬೊ ಎಂಬ ಪಟ್ಟಣದ ಆಲ್ ಸೇಂಟ್ಸ್ ಚರ್ಚಿನಲ್ಲಿ ಜನ ತುಂಬಿದ್ದರು. ಏಸುವಿನ ಮರಣ ಮತ್ತು ಪುನರುತ್ಥಾನದ ಕಥೆಯನ್ನು ಹಾಡುಗಳಲ್ಲಿ ಹೇಳುವ ಕಾರ್ಯಕ್ರಮ. ಹಾಡುಗಳನ್ನು ಕಟ್ಟಿದವನು ಚರ್ಚಿನ ಶಾಲೆಯಲ್ಲೇ ಪಾಠ ಹೇಳುತ್ತಿದ್ದ ಒಬ್ಬ ಮೇಷ್ಟ್ರು. ಆತನ ತಂದೆ ಅದೇ ಸಭೆಯ ಧರ್ಮೋಪದೇಶಕ. ಹೀಗಾಗಿ ಯಾರಿಗೂ ಅನುಮಾನ ಪಡಲು ಕಾರಣವಿರಲಿಲ್ಲ. ಆದರೆ ಹಾಡು ಶುರುವಾದಾಗ ಅದರ ಜೊತೆಗೆ ಡೋಲು ಮಾತಾಡತೊಡಗಿತು. ಊರ ದೈವಗಳ ಜಾತ್ರೆಯಲ್ಲಿ, ಅರಸನ ಅರಮನೆಯ ಬಾಗಿಲಲ್ಲಿ, ಬೀದಿಯ ಕುಣಿತದಲ್ಲಿ ಕೇಳುತ್ತಿದ್ದ ಅದೇ ಡೋಲು. ಸಭೆಯ ಹಿರಿಯರು ಕೆರಳಿದರು. ಇದು ಹಳೆಯ ಪಿಶಾಚಿಗಳ ವಾದ್ಯ, ದೇವರ ಮನೆಯೊಳಗೆ ಇದಕ್ಕೆ ಜಾಗವಿಲ್ಲ ಎಂದರು.

ಆ ಮೇಷ್ಟ್ರು ಡೂರೊ ಲಾಡಿಪೊ. ಚರ್ಚಿನ ಬಾಗಿಲಲ್ಲಿ ತಡೆದ ಡೋಲನ್ನು ಹೊತ್ತುಕೊಂಡೇ ಆತ ಮುಂದೆ ಬರ್ಲಿನ್‌ವರೆಗೆ ಹೋದ. ಇಂಗ್ಲಿಷಿನಲ್ಲಿ ಬರೆಯುವುದೇ ದೊಡ್ಡಸ್ತಿಕೆ ಎಂದುಕೊಂಡಿದ್ದ ಕಾಲದಲ್ಲಿ ತನ್ನ ತಾಯ್ನುಡಿಯಾದ ಯೊರುಬದಲ್ಲಷ್ಟೇ ನಾಟಕ ಕಟ್ಟಿ, ತಾನೇ ಮುಖ್ಯ ಪಾತ್ರ ವಹಿಸಿ, ನೈಜೀರಿಯಾದ ರಂಗಭೂಮಿಯ ದೊಡ್ಡ ಹೆಸರುಗಳಲ್ಲಿ ಒಬ್ಬನಾದ. ವೋಲೆ ಸೋಯಿಂಕಾ, ಚಿನುವಾ ಅಚೆಬೆ ಹೆಸರುಗಳು ಕನ್ನಡದ ಓದುಗರಿಗೆ ಪರಿಚಿತ. ಲಾಡಿಪೊನ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬಂದಿಲ್ಲ. ಇಂಗ್ಲಿಷಿನ ಕಿಟಕಿಯಲ್ಲಿ ಕಾಣುವಷ್ಟನ್ನೇ ನಾವು ಆಫ್ರಿಕ ಎಂದು ತಿಳಿದಿರುವುದು ಇದಕ್ಕೆ ಕಾರಣವಿರಬೇಕು.

ಡೋಲಿನ ಈ ಜಗಳ ನಮ್ಮವರಿಗೆ ಹೊಸದಲ್ಲ. ಮದುವೆ ಮನೆಯ ದಫ್, ಉರೂಸಿನ ಕವ್ವಾಲಿ, ಮೊಹರಮ್ಮಿನ ಹಲಗೆ ಇವುಗಳ ಬಗ್ಗೆ ಜಾಇಝ್, ನಾಜಾಇಝ್ ಎಂಬ ಚರ್ಚೆ ಕೇಳುತ್ತಲೇ ನಾವು ಬೆಳೆದವರು. ಈ ಚರ್ಚೆಯಲ್ಲಿ ಎರಡೂ ಕಡೆ ಪ್ರಾಮಾಣಿಕರಿರುತ್ತಾರೆ ಎಂಬುದೂ ನಮಗೆ ಗೊತ್ತು. ಒಶೊಗ್ಬೊದ ಹಿರಿಯರನ್ನು ಮೂಢರೆಂದು ತಳ್ಳಿಹಾಕುವ ಮೊದಲು ಅವರು ಯಾವ ಭಯದಿಂದ ಮಾತಾಡಿದರು ಎಂದು ನೋಡುವುದು ನ್ಯಾಯ.

ಮೂರು ಧರ್ಮಗಳ ನಾಡು

ಯೊರುಬರು ನೈಜೀರಿಯಾದ ನೈರುತ್ಯ ಭಾಗದಲ್ಲೂ ಪಕ್ಕದ ಬೆನಿನ್ ದೇಶದಲ್ಲೂ ಹರಡಿರುವ ಕೋಟಿಗಟ್ಟಲೆ ಜನ. ಪಟ್ಟಣ ಕಟ್ಟಿ ಬಾಳಿದವರು, ಅರಸೊತ್ತಿಗೆಯುಳ್ಳವರು. ಇಫೆ ಅವರ ಮೂಲಸ್ಥಾನವೆಂಬ ನಂಬಿಕೆ. ಓಯೊ ಅವರ ಅತಿ ದೊಡ್ಡ ಸಾಮ್ರಾಜ್ಯದ ರಾಜಧಾನಿ. ಓಯೊದ ಅರಸನಿಗೆ ಅಲಾಫಿನ್ ಎಂದು ಬಿರುದು. ಇಸ್ಲಾಮ್ ಅಲ್ಲಿಗೆ ಉತ್ತರದ ವ್ಯಾಪಾರದ ದಾರಿಯಲ್ಲಿ ಕ್ರೈಸ್ತ ಮಿಷನರಿಗಳಿಗಿಂತ ಎಷ್ಟೋ ಮೊದಲು ಬಂತು. ಮುಸ್ಲಿಮರಿಗೆ ಯೊರುಬ ಭಾಷೆಯಲ್ಲಿ ಇಮಾಲೆ ಎನ್ನುತ್ತಾರೆ. ಮಾಲಿ ದೇಶದ ಕಡೆಯಿಂದ ಬಂದ ಧರ್ಮ ಎಂಬುದರಿಂದ ಆ ಹೆಸರು ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಊರ ದೈವಗಳ ಶಕುನ ಹೇಳುವ ಇಫಾ ಎಂಬ ಬೃಹತ್ ಮೌಖಿಕ ಪದ್ಯರಾಶಿಯಲ್ಲೂ ಮುಸ್ಲಿಮರ ಕುರಿತ ಅಧ್ಯಾಯವೊಂದಿದೆ. ಅಷ್ಟು ಹಿಂದಿನಿಂದ ಅವರು ಅಲ್ಲಿನ ಬದುಕಿನ ಭಾಗ.

ಸಂಬಂಧ ಯಾವಾಗಲೂ ಸಿಹಿಯಾಗಿರಲಿಲ್ಲ. 19ನೇ ಶತಮಾನದ ಆರಂಭದಲ್ಲಿ ಉತ್ತರದ ಸೊಕೊಟೊದಲ್ಲಿ ಎದ್ದ ಜಿಹಾದಿನ ಅಲೆ ಇಲೊರಿನ್ ಪಟ್ಟಣವನ್ನು ಹಿಡಿಯಿತು. ಹಳೆಯ ಓಯೊ ಪಟ್ಟಣ ಪಾಳುಬಿತ್ತು. ಇಲೊರಿನ್ ಸೇನೆ ದಕ್ಷಿಣಕ್ಕೆ ನುಗ್ಗಿ ಬಂದಾಗ 1840ರಲ್ಲಿ ಇಬಾದಾನಿನ ಪಡೆ ಅದನ್ನು ತಡೆದು ಸೋಲಿಸಿದ್ದು ಇದೇ ಒಶೊಗ್ಬೊದ ಬಳಿ. ಕತ್ತಿಯ ಬಲದಿಂದ ಒಶೊಗ್ಬೊವನ್ನು ಹೊಗಲಾಗದ ಇಸ್ಲಾಮ್ ಆಮೇಲೆ ವ್ಯಾಪಾರಿಗಳ, ಉಸ್ತಾದರ, ನೆಂಟಸ್ತನದ ದಾರಿಯಲ್ಲಿ ಒಳಗೆ ಬಂದು ನೆಲೆಯಾಯಿತು. ಇಂದು ಒಶೊಗ್ಬೊದಲ್ಲಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ.

ಕ್ರೈಸ್ತ ಧರ್ಮದ ಕಥೆಯೂ ಇದರೊಂದಿಗೆ ಹೆಣೆದುಕೊಂಡಿದೆ. ಆ ಯುದ್ಧಗಳ ಕಾಲದಲ್ಲಿ, 1821ರಲ್ಲಿ, ಮುಸ್ಲಿಮ್ ದಾಳಿಕಾರರು ಹಿಡಿದು ಗುಲಾಮನನ್ನಾಗಿ ಮಾರಿದ ಯೊರುಬ ಹುಡುಗನೊಬ್ಬ ಬಿಡುಗಡೆಯಾಗಿ, ಓದಿ, ಸ್ಯಾಮುಯೆಲ್ ಅಜಾಯಿ ಕ್ರೌದರ್ ಎಂಬ ಹೆಸರಿನಿಂದ 1864ರಲ್ಲಿ ಆಂಗ್ಲಿಕನ್ ಬಿಷಪ್ ಆದ. ಬೈಬಲ್ಲನ್ನು ಯೊರುಬಕ್ಕೆ ತಂದವರಲ್ಲಿ ಆತ ಮುಖ್ಯ. ಆ ಅನುವಾದದಲ್ಲಿ ಸೈತಾನನಿಗೆ ಇಟ್ಟ ಹೆಸರು ಎಶು. ಎಶು ಯೊರುಬರ ಒಬ್ಬ ದೈವ, ದೇವಲೋಕಕ್ಕೂ ಮನುಷ್ಯರಿಗೂ ನಡುವೆ ಸುದ್ದಿ ಒಯ್ಯುವವನು, ಸ್ವಲ್ಪ ಕಿಡಿಗೇಡಿ. ಒಂದು ಶಬ್ದದ ಆಯ್ಕೆಯಿಂದ ಊರ ದೈವ ನರಕದ ಒಡೆಯನಾಗಿಬಿಟ್ಟ. ಹೊಸದಾಗಿ ಕ್ರೈಸ್ತರಾದವರಿಗೆ ತಮ್ಮ ಅಜ್ಜ ಅಜ್ಜಿಯರ ಲೋಕವೇ ಸೈತಾನನದಾಗಿ ಕಾಣಿಸಿತು. ಡೋಲಿನ ಮೇಲಿನ ಭಯ ಹುಟ್ಟಿದ್ದು ಇಲ್ಲಿಂದ. ಅದನ್ನು ಒಳಗೆ ಬಿಟ್ಟರೆ ಅದರ ಹಿಂದೆ ಹಳೆಯದೆಲ್ಲ ಬರುತ್ತದೆ ಎಂಬ ಆತಂಕ. ಹೊಸ ನಂಬಿಕೆಗೆ ಬಂದವರು ಅದರ ಬೇಲಿಯನ್ನು ಎಚ್ಚರದಿಂದ ಕಾಯುತ್ತಾರೆ.

ಲಾಡಿಪೊ ಹುಟ್ಟಿದ್ದು ಇಂಥ ಬೇಲಿಯ ಪಕ್ಕದ ಮನೆಯಲ್ಲಿ. ಹುಟ್ಟಿದ ವರ್ಷವನ್ನು ಕೆಲವು ದಾಖಲೆಗಳು 1926 ಎನ್ನುತ್ತವೆ, ಕೆಲವು 1931 ಎನ್ನುತ್ತವೆ. ಡೂರೊ ಎಂದರೆ 'ನಿಲ್ಲು' ಎಂದರ್ಥ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಯೊರುಬರು ಇಡುವ ಹೆಸರು ಇದು. ನಮ್ಮ ಹಳ್ಳಿಗಳಲ್ಲಿ ಮಗು ಉಳಿಯಲೆಂದು ತಿಪ್ಪಣ್ಣ ಎಂದು ಹೆಸರಿಡುವ ಹಾಗೆ, ಅಲ್ಲಿ ಮಗುವಿಗೆ ನಿಲ್ಲಪ್ಪಾ, ಹೋಗಬೇಡ ಎಂದು ಹೆಸರಿನಲ್ಲೇ ಬೇಡಿಕೊಳ್ಳುತ್ತಾರೆ. ತಂದೆ ಚರ್ಚಿನ ಸೇವೆಯಲ್ಲಿದ್ದವನು. ಅಜ್ಜ ಡೋಲು ಬಾರಿಸುತ್ತಿದ್ದವನು. ತಂದೆ ಮಗನನ್ನು ಊರ ದೈವಗಳ ಆಚರಣೆಯಿಂದ ದೂರವಿಡಲು ನೋಡಿದ. ಹುಡುಗ ಹೋಗಿ ನಿಲ್ಲುತ್ತಿದ್ದದ್ದು ಅಲ್ಲಿಯೇ.

ಮಾತಾಡುವ ಡೋಲು

ಡೋಲು ಮಾತಾಡತೊಡಗಿತು ಎಂದು ಮೊದಲೇ ಬರೆದೆ. ಅದು ಅಲಂಕಾರದ ಮಾತಲ್ಲ. ಯೊರುಬ ಭಾಷೆಯಲ್ಲಿ ಅಕ್ಷರದಷ್ಟೇ ಮುಖ್ಯವಾದದ್ದು ಸ್ವರದ ಏರಿಳಿತ. ಮೇಲು, ನಡು, ಕೆಳಗು ಎಂದು ಮೂರು ಸ್ಥಾಯಿ. 'ಒಕೊ' ಎಂಬ ಒಂದೇ ಶಬ್ದವನ್ನು ಬೇರೆ ಬೇರೆ ಸ್ಥಾಯಿಯಲ್ಲಿ ಹೇಳಿದರೆ ಗಂಡ, ದೋಣಿ, ಗುದ್ದಲಿ, ಈಟಿ ಎಂದು ನಾಲ್ಕು ಅರ್ಥ ಬರುತ್ತದೆ. ನಮ್ಮ ಬುಡಬುಡಿಕೆಯಂತೆ ನಡು ಸಣ್ಣಗಿರುವ, ಆದರೆ ಅದಕ್ಕಿಂತ ಬಹಳ ದೊಡ್ಡದಾದ ದುಂದುನ್ ಎಂಬ ವಾದ್ಯ ಅವರದು. ಅದನ್ನು ಹೆಗಲಿಗೆ ಹಾಕಿಕೊಂಡು, ಪಕ್ಕದ ಚರ್ಮದ ದಾರಗಳನ್ನು ಅಮುಕುತ್ತ ಬಿಡುತ್ತ, ಬಾಗಿದ ಕೋಲಿನಿಂದ ಬಾರಿಸುತ್ತಾರೆ. ಅಮುಕಿದಷ್ಟೂ ಸ್ವರ ಏರುತ್ತದೆ. ಹೀಗೆ ಡೋಲು ಗಾದೆ ಹೇಳುತ್ತದೆ, ಅರಸನ ವಂಶಾವಳಿ ಹೇಳುತ್ತದೆ, ದಾರಿಯಲ್ಲಿ ಹೋಗುವವನ ಹೆಸರು ಹಿಡಿದು ಹೊಗಳುತ್ತದೆ, ಬೇಕೆಂದರೆ ಬೈಯುತ್ತದೆ. ಕೇಳುವವರಿಗೆ ಅರ್ಥವಾಗುತ್ತದೆ.

ಚರ್ಚಿನ ಸಂಗೀತದ ತೊಡಕು ಇಲ್ಲೇ ಇದ್ದದ್ದು. ಇಂಗ್ಲಿಷ್ ಭಜನೆಗಳನ್ನು ಯೊರುಬಕ್ಕೆ ಅನುವಾದಿಸಿ ಅದೇ ಇಂಗ್ಲಿಷ್ ಧಾಟಿಯಲ್ಲಿ ಹಾಡಿಸುತ್ತಿದ್ದರು. ಧಾಟಿ ಏರಿದಲ್ಲಿ ಮಾತು ಇಳಿಯಬೇಕಿರುತ್ತಿತ್ತು, ಇಳಿದಲ್ಲಿ ಏರಬೇಕಿರುತ್ತಿತ್ತು. ಭಕ್ತರ ಬಾಯಲ್ಲಿ ದೇವರ ಸ್ತುತಿ ಅರ್ಥ ಕೆಟ್ಟು ಹೊರಬರುತ್ತಿತ್ತು. ಸ್ವರವನ್ನು ಮಾತಿಗೆ ಒಪ್ಪಿಸಬೇಕಾದರೆ ಯೊರುಬ ಧಾಟಿಯೇ ಬೇಕು, ಧಾಟಿಯ ಹಿಂದೆ ಡೋಲು ಬಂದೇ ಬರುತ್ತದೆ. ಆಂಗ್ಲಿಕನ್ ಸಭೆಯಿಂದ ಸಿಡಿದು ಹೋದ ಅಲಾದುರಾ ಎಂಬ ಪ್ರಾರ್ಥನಾ ಪಂಥಗಳು ಇದನ್ನು ಮೊದಲೇ ಅರಿತು ಚಪ್ಪಾಳೆ, ಡೋಲು, ಕುಣಿತ ಎಲ್ಲವನ್ನೂ ಒಳಗೆ ಬಿಟ್ಟುಕೊಂಡಿದ್ದವು. ನೈಜೀರಿಯಾದ ವೃತ್ತಿರಂಗಭೂಮಿಯ ಪಿತಾಮಹ ಹ್ಯೂಬರ್ಟ್ ಒಗುಂಡೆ ಹೊರಬಂದದ್ದು ಅಂಥ ಒಂದು ಚರ್ಚಿನಿಂದ. 1944ರಲ್ಲಿ ಲಾಗೋಸಿನಲ್ಲಿ ಆತ ಏದೆನ್ ತೋಟದ ಕಥೆಯನ್ನು ಹಾಡುನಾಟಕವಾಗಿ ಆಡಿದ. ಬೈಬಲ್ಲಿನ ಕಥೆಗಳಿಂದ ಹೊರಟ ಈ ಹಾಡು, ಕುಣಿತ, ಮಾತುಗಳ ಆಟಕ್ಕೆ ಮುಂದೆ ವಿಮರ್ಶಕರು ಜಾನಪದ ಆಪೆರಾ ಎಂದು ಹೆಸರಿಟ್ಟರು. ಒಗುಂಡೆ, ಕೋಲಾ ಒಗುನ್ಮೊಲಾ, ಲಾಡಿಪೊ ಇದರ ಮೂವರು ದೊಡ್ಡವರು.

ಮುಸ್ಲಿಮರ ಕಡೆ ಏನಾಯಿತು? ಅಲ್ಲಿಯೂ ತಕರಾರು ಇತ್ತು. ಆದರೂ ದುಂದುನ್ ಬಾರಿಸುವ ಮನೆತನಗಳಲ್ಲಿ ಎಷ್ಟೋ ಮುಸ್ಲಿಮ್ ಮನೆತನಗಳು. ಡೋಲುಗಾರರ ಮೂಲಪುರುಷ ಅಯಾನ್ ಎಂದು ನಂಬಿಕೆ. ಆ ಕುಲದ ಮಕ್ಕಳ ಹೆಸರು 'ಅಯಾನ್' ಎಂದು ಶುರುವಾಗುತ್ತದೆ, ಅದರ ಜೊತೆಗೇ ಒಂದು ಮುಸ್ಲಿಮ್ ಹೆಸರೂ ಇರುತ್ತದೆ. ರಮಝಾನಿನಲ್ಲಿ ಸಹ್ರಿಗೆ ಜನರನ್ನು ಎಬ್ಬಿಸಲು ಹುಡುಗರು ಬೀದಿಬೀದಿಯಲ್ಲಿ ಹಾಡುತ್ತ ಬಾರಿಸುತ್ತ ಹೋಗುವ ಪದ್ಧತಿ ಯೊರುಬ ನಾಡಿನಲ್ಲಿದೆ. ಅದಕ್ಕೆ ವೆರೆ ಎನ್ನುತ್ತಾರೆ. ದೈರಾ ಬಡಿಯುತ್ತ ನಾತ್ ಹಾಡಿಕೊಂಡು ಬರುತ್ತಿದ್ದ ಫಕೀರರ ದನಿಗೆ ಎಚ್ಚರಾದ ನನ್ನ ವಯಸ್ಸಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗೆ ಸಹ್ರಿಯ ಹಾಡು ಹಾಡುತ್ತಿದ್ದ ಸಿಕಿರು ಅಯಿಂಡೆ ಬ್ಯಾರಿಸ್ಟರ್ ಎಂಬ ಹುಡುಗ ಮುಂದೆ ಅದನ್ನೇ ಬೆಳೆಸಿ ಫುಜಿ ಎಂಬ ಜನಪ್ರಿಯ ಸಂಗೀತ ಪ್ರಕಾರವನ್ನು ಹುಟ್ಟುಹಾಕಿದ. ಆತ 2010ರಲ್ಲಿ ತೀರಿಕೊಂಡ. ಡೋಲು ಮಸೀದಿಯೊಳಗೆ ಹೋಗಲಿಲ್ಲ. ಮುಸ್ಲಿಮರ ಬೀದಿಯಿಂದ ಹೊರಗೂ ಹೋಗಲಿಲ್ಲ.

ನೋಡಿದರೆ ಖುಷಿಯಾದೀತು

ಈಸ್ಟರ್ ಜಗಳದ ನಂತರ ಲಾಡಿಪೊನಿಗೆ ಬೇರೆ ವೇದಿಕೆ ಬೇಕಾಯಿತು. 1961ರಲ್ಲಿ ಇಬಾದಾನಿನಲ್ಲಿ ಎಂಬಾರಿ ಎಂಬ ಲೇಖಕ ಕಲಾವಿದರ ಕ್ಲಬ್ಬು ಹುಟ್ಟಿತ್ತು. ಸೋಯಿಂಕಾ, ಅಚೆಬೆ ಮೊದಲಾದವರೆಲ್ಲ ಸೇರುತ್ತಿದ್ದ ಜಾಗ. ಅದರ ಹಿಂದಿನ ಮುಖ್ಯ ಉತ್ಸಾಹಿ ಉಲ್ಲಿ ಬೈಯರ್. ಜರ್ಮನಿಯಲ್ಲಿ ಯಹೂದಿ ವೈದ್ಯನ ಮಗನಾಗಿ ಹುಟ್ಟಿ, ಹಿಟ್ಲರ್ ಬಂದ ಮೇಲೆ ಹೆತ್ತವರೊಂದಿಗೆ ಪ್ಯಾಲೆಸ್ತೀನಿಗೆ ಹೋಗಿ, 1950ರಲ್ಲಿ ಇಬಾದಾನಿನ ವಿಶ್ವವಿದ್ಯಾಲಯ ಕಾಲೇಜಿಗೆ ಅಧ್ಯಾಪಕನಾಗಿ ಬಂದವನು. ಆ ಕ್ಲಬ್ಬಿನಲ್ಲಿ 1961ರ ಡಿಸೆಂಬರಿನಲ್ಲಿ ಲಾಡಿಪೊ ತನ್ನ ಕ್ರಿಸ್‌ಮಸ್ ಹಾಡುಗಳನ್ನು ಡೋಲಿನ ಸಮೇತ ಪ್ರದರ್ಶಿಸಿದ. ಅಲ್ಲಿ ಯಾರೂ ತಡೆಯಲಿಲ್ಲ.

ಇಂಥದ್ದು ನಮ್ಮೂರಲ್ಲೂ ಇರಬಾರದೇಕೆ ಎನ್ನಿಸಿತು ಆತನಿಗೆ. ಒಶೊಗ್ಬೊದಲ್ಲಿ ಲಾಡಿಪೊ ಪಾಪ್ಯುಲರ್ ಬಾರ್ ಎಂಬ ಹೆಂಡದಂಗಡಿ ನಡೆಸುತ್ತಿದ್ದ. ಅದನ್ನೇ ಬೈಯರ್‌ನ ನೆರವಿನಿಂದ ರಂಗಮಂದಿರ, ಚಿತ್ರಶಾಲೆಯಾಗಿ ಮಾರ್ಪಡಿಸಿದ. 1962ರ ಮಾರ್ಚಿನಲ್ಲಿ ಅದು ತೆರೆಯಿತು. ಎಂಬಾರಿ ಎಂಬುದು ಇಗ್ಬೊ ಭಾಷೆಯ ಶಬ್ದ. ಭೂಮಿತಾಯಿಗೆಂದು ಕಟ್ಟುವ ಮಣ್ಣಿನ ಮೂರ್ತಿಗಳ ಮನೆಗೆ ಆ ಹೆಸರು. ಒಶೊಗ್ಬೊದ ಸಂತೆಯ ಹೆಂಗಸರಿಗೆ ಅದು ತಿಳಿಯದು. ಅವರು ಅದನ್ನು ತಮ್ಮ ಯೊರುಬದಲ್ಲಿ 'ಎಂಬಾರಿ ಎಂಬಾಯೊ' ಎಂದು ಕೇಳಿಸಿಕೊಂಡರು. 'ನೋಡಿದರೆ ನನಗೆ ಖುಷಿಯಾದೀತು' ಎಂದು ಅದರ ಅರ್ಥ. ಕ್ಲಬ್ಬಿಗೆ ಅದೇ ಹೆಸರು ಗಟ್ಟಿಯಾಯಿತು. ಇಬಾದಾನಿನ ಕ್ಲಬ್ಬು ಪದವೀಧರರದು. ಒಶೊಗ್ಬೊದ್ದು ಸಂತೆಯ ಜನ, ಕಸುಬುದಾರರು, ಶಾಲೆ ಬಿಟ್ಟ ಹುಡುಗರು ಬಂದು ಕೂರುವ ಜಾಗವಾಯಿತು.

ಆ ಹುಡುಗರ ಕಥೆಯೂ ಹೇಳಬೇಕಾದದ್ದೇ. 1962ರಿಂದ 1964ರವರೆಗೆ ಅಲ್ಲಿ ಚಿತ್ರಕಲೆಯ ಕಮ್ಮಟಗಳು ನಡೆದವು. ಬ್ರಷ್ಷು ಹಿಡಿದೇ ಗೊತ್ತಿಲ್ಲದವರು ಚಿತ್ರ ಬರೆಯತೊಡಗಿದರು. ಟ್ವಿನ್ಸ್ ಸೆವೆನ್ ಸೆವೆನ್ ಎಂದು ಪ್ರಸಿದ್ಧನಾದವನು ಅಲ್ಲಿಗೆ ಬಂದದ್ದು ಕುಣಿತಗಾರನಾಗಿ. ಮುರೈನಾ ಒಯೆಲಾಮಿ ನಾಟಕದ ತಂಡದಲ್ಲಿ ನಟನೂ ವಾದ್ಯಗಾರನೂ ಆಗಿದ್ದ. ಜಿಮೊ ಬುರೈಮೊ ತಂಡದ ದೀಪದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವನು, ಆಮೇಲೆ ಮಣಿಗಳನ್ನು ಅಂಟಿಸಿ ಚಿತ್ರ ಮಾಡುವ ತನ್ನದೇ ಶೈಲಿಯಿಂದ ಹೆಸರಾದ. ಜಿಮೊ ಎಂದರೆ ಜುಮಾ, ಬುರೈಮೊ ಎಂದರೆ ಇಬ್ರಾಹೀಮ್. ಕ್ರೈಸ್ತ ಮೇಷ್ಟ್ರು ಊರ ದೈವದ ಕಥೆ ಆಡುವಾಗ ಮುಸ್ಲಿಮ್ ಹೆಸರಿನ ಹುಡುಗ ಬೆಳಕು ಹಿಡಿದಿದ್ದ. ಆ ಊರಿನಲ್ಲಿ ಇದು ಯಾರಿಗೂ ವಿಶೇಷವೆನಿಸಲಿಲ್ಲ.

ದೊರೆ ನೇಣು ಹಾಕಿಕೊಳ್ಳಲಿಲ್ಲ

ಲಾಡಿಪೊನ ಮೊದಲ ದೊಡ್ಡ ನಾಟಕ 'ಒಬಾ ಮೊರೊ', 1962ರದು. ವಸ್ತುವನ್ನು ಆತ ತೆಗೆದುಕೊಂಡದ್ದು 1921ರಲ್ಲಿ ಅಚ್ಚಾದ ಸ್ಯಾಮುಯೆಲ್ ಜಾನ್ಸನ್ ಎಂಬ ಯೊರುಬ ಪಾದ್ರಿಯ ಇತಿಹಾಸ ಗ್ರಂಥದಿಂದ. ಅಬಿಪಾ ಎಂಬ ಅಲಾಫಿನ್ ಬಿಟ್ಟುಬಂದ ಹಳೆಯ ರಾಜಧಾನಿಗೆ ಮರಳಲು ಬಯಸುತ್ತಾನೆ. ಸುಖಕ್ಕೆ ಒಗ್ಗಿಹೋದ ಮಂತ್ರಿಗಳಿಗೆ ಅದು ಬೇಡ. ಅವರು ಕುಂಟರು, ಕುರುಡರು, ವಿಕಾರ ರೂಪದವರನ್ನು ದೆವ್ವಗಳೆಂದು ಅಲ್ಲಿ ಅಡಗಿಸಿಟ್ಟು ಅರಸನ ಜನರನ್ನು ಹೆದರಿಸುತ್ತಾರೆ. ಅರಸ ಬೇಟೆಗಾರರನ್ನು ಕಳಿಸಿ 'ದೆವ್ವ'ಗಳನ್ನು ಹಿಡಿಸುತ್ತಾನೆ. ಹೆದರಿಸಿ ಆಳುವವರ ಬಣ್ಣ ಬಯಲಾಗುವ ಕಥೆ. 1960ರ ಅಕ್ಟೋಬರ್ 1ರಂದು ಸ್ವತಂತ್ರವಾಗಿ, ತನ್ನ ಹಳೆಯದಕ್ಕೆ ಹೇಗೆ ಮರಳಬೇಕೆಂದು ಯೋಚಿಸುತ್ತಿದ್ದ ನಾಡಿಗೆ ಹೇಳಿ ಮಾಡಿಸಿದಂಥ ವಸ್ತು.

ಆದರೆ ಆತನ ಹೆಸರನ್ನು ಉಳಿಸಿದ್ದು 1963ರಲ್ಲಿ ಕ್ಲಬ್ಬಿನ ಮೊದಲ ವಾರ್ಷಿಕೋತ್ಸವಕ್ಕೆ ಆಡಿದ 'ಒಬಾ ಕೊಸೊ'. ಅದರ ನಾಯಕ ಶಾಂಗೊ. ಓಯೊದ ಪ್ರಾಚೀನ ಅರಸ, ಬಾಯಿಂದ ಬೆಂಕಿಯುಗುಳುತ್ತಿದ್ದನೆಂದು ಐತಿಹ್ಯ. ಇಂದು ಸಿಡಿಲಿನ ದೈವ. ಗುಲಾಮರಾಗಿ ಸಾಗಿಸಲ್ಪಟ್ಟ ಯೊರುಬರ ಜೊತೆ ಸಮುದ್ರ ದಾಟಿ ಬ್ರೆಜಿಲ್, ಕ್ಯೂಬಾ, ಟ್ರಿನಿಡಾಡ್‌ಗಳಲ್ಲೂ ನೆಲೆಯೂರಿದವನು.

ನಾಟಕದ ಕಥೆ ಹೀಗಿದೆ. ಶಾಂಗೊನಿಗೆ ಟಿಮಿ ಮತ್ತು ಗ್ಬೊಂಕಾ ಎಂಬ ಇಬ್ಬರು ಸೇನಾಪತಿಗಳು. ಅವರ ಯುದ್ಧದಾಹದಿಂದ ಜನ ಬೇಸತ್ತು ಅರಸನಲ್ಲಿ ದೂರು ತರುತ್ತಾರೆ. ನೇರವಾಗಿ ಅವರನ್ನು ತಡೆಯುವ ಧೈರ್ಯ ಶಾಂಗೊನಿಗಿಲ್ಲ. ರಾಣಿ ಓಯಾಳ ಸಲಹೆಯಂತೆ ಟಿಮಿಯನ್ನು ಎಡೆ ಎಂಬ ಗಡಿಯೂರಿಗೆ ಕಳಿಸುತ್ತಾನೆ, ಅಲ್ಲೇ ಸಾಯಲಿ ಎಂದು. ಟಿಮಿ ಸಾಯುವುದಿಲ್ಲ, ಅಲ್ಲಿ ದೊರೆಯಾಗುತ್ತಾನೆ. ಅವನನ್ನು ಹಿಡಿದು ತರಲು ಗ್ಬೊಂಕಾನನ್ನು ಕಳಿಸುತ್ತಾನೆ. ಗ್ಬೊಂಕಾ ಮಂತ್ರಬಲದಿಂದ ಟಿಮಿಯನ್ನು ನಿದ್ದೆಗೆಡವಿ ಹೊತ್ತು ತರುತ್ತಾನೆ. ಶಾಂಗೊ ಸಂತೆಯ ಬಯಲಲ್ಲಿ ಇಬ್ಬರನ್ನೂ ಮತ್ತೆ ಕಾದಾಡಲು ಬಿಡುತ್ತಾನೆ. ಟಿಮಿ ಸಾಯುತ್ತಾನೆ. ಗೆದ್ದ ಗ್ಬೊಂಕಾ ಈಗ ಅರಸನತ್ತ ತಿರುಗಿ ರಾಜ್ಯ ಬಿಟ್ಟು ಹೊರಡು ಎನ್ನುತ್ತಾನೆ. ಸಿಟ್ಟು ತಡೆಯಲಾರದೆ ಶಾಂಗೊ ತನ್ನ ಪ್ರಜೆಗಳನ್ನೇ ಕೊಲ್ಲುತ್ತಾನೆ. ಜನ ಬಿಟ್ಟು ಹೋಗುತ್ತಾರೆ, ಕೊನೆಗೆ ಓಯಾ ಕೂಡ. ಒಂಟಿಯಾದ ಅರಸ ಮರವೊಂದಕ್ಕೆ ನೇಣು ಹಾಕಿಕೊಳ್ಳುತ್ತಾನೆ. ವೈರಿಗಳು ದೊರೆ ನೇಣು ಹಾಕಿಕೊಂಡ ಎಂದು ಗೇಲಿ ಮಾಡುವಾಗ ಆಕಾಶದಲ್ಲಿ ಸಿಡಿಲು. ಜನ ಅಡ್ಡಬಿದ್ದು ಕೂಗುತ್ತಾರೆ: ಒಬಾ ಕೊ ಸೊ, ದೊರೆ ನೇಣು ಹಾಕಿಕೊಳ್ಳಲಿಲ್ಲ.

ಈ ಕೂಗನ್ನು ಎರಡು ರೀತಿ ಕೇಳಬಹುದು. ಭಕ್ತನಿಗೆ ಅದು ದೈವದ ಮಹಿಮೆ. ನನ್ನಂಥವನಿಗೆ, ಕಣ್ಣಾರೆ ಕಂಡದ್ದನ್ನು ಭಯದಿಂದ ಅಲ್ಲಗಳೆಯುವ ಪ್ರಜೆಗಳ ದನಿಯೂ ಅದರಲ್ಲಿ ಕೇಳುತ್ತದೆ. ಲಾಡಿಪೊ ಎರಡಕ್ಕೂ ಅವಕಾಶವಿಟ್ಟಿದ್ದಾನೆ. ನಾಟಕ ಬಂದ ಹೊತ್ತಿಗೆ ನೈಜೀರಿಯಾದ ಪಶ್ಚಿಮ ಪ್ರಾಂತ್ಯದಲ್ಲಿ ಆಳುವ ಪಕ್ಷ ಒಡೆದಿತ್ತು. 1962ರಲ್ಲಿ ಶುರುವಾದ ಅವೊಲೊವೊ ಮತ್ತು ಅಕಿಂಟೊಲಾ ಎಂಬ ಇಬ್ಬರು ಯೊರುಬ ನಾಯಕರ ಜಗಳ ಬೀದಿಗೆ ಬಂದಿತ್ತು. ಮುಂದೆ 1966ರ ಸೇನಾದಂಗೆ, 1967ರಿಂದ 1970ರವರೆಗಿನ ಬಿಯಾಫ್ರ ಯುದ್ಧದತ್ತ ದೇಶ ಜಾರಿತು. ಇಬ್ಬರು ಬಲಿಷ್ಠರನ್ನು ಒಬ್ಬರ ಮೇಲೊಬ್ಬರನ್ನು ಛೂಬಿಟ್ಟು ಆಳಲು ಹೋದ ಅರಸನ ಕಥೆ ಪುರಾಣದ್ದಾದರೂ ನೋಡುವವರ ಕಣ್ಣು ವರ್ತಮಾನದ್ದೇ.

ನಾಟಕಕ್ಕಾಗಿ ಲಾಡಿಪೊ ತಂದೆ ಬೇಡವೆಂದ ಜಾಗಗಳಿಗೆಲ್ಲ ಹೋದ. ಶಾಂಗೊನ ಪೂಜಾರಿಗಳಿಂದ ಒರಿಕಿ ಎಂಬ ಹೊಗಳಿಕೆಯ ಪದ್ಯಗಳನ್ನು ಕಲಿತ, ಮಂತ್ರದ ಮಾತುಗಳನ್ನು, ಬೇಟೆಗಾರರ ಹಾಡುಗಳನ್ನು ಕೂಡಿಸಿದ. ಶಾಂಗೊನಿಗೇ ಮೀಸಲಾದ ಬಾತಾ ಎಂಬ ಡೋಲನ್ನು ತಂದ. ಭಜನೆಯ ಧಾಟಿ ಪೂರ್ತಿ ಹೊರಟುಹೋಯಿತು. ಶಾಂಗೊನ ಪೂಜಾರಿಗಳಂತೆ ತಲೆಗೂದಲು ಹೆಣೆದುಕೊಂಡು, ಕೆಂಪು ಉಡುಪು ತೊಟ್ಟು ತಾನೇ ಶಾಂಗೊ ಆಗಿ ನಿಂತ. ಓಯಾಳ ಪಾತ್ರ ಹೆಂಡತಿ ಅಬಿಯೊದುನ್‌ಳದು. 1964ರ ಬರ್ಲಿನ್ ಉತ್ಸವದಲ್ಲಿ, 1965ರಲ್ಲಿ ಬ್ರಿಟನ್ನಿನ ಕಾಮನ್‌ವೆಲ್ತ್ ಕಲೋತ್ಸವದಲ್ಲಿ ಈ ನಾಟಕ ಒಂದಕ್ಷರವೂ ಯೊರುಬ ತಿಳಿಯದ ಜನರನ್ನು ಹಿಡಿದು ಕೂರಿಸಿತು. 1975ರಲ್ಲಿ ತಂಡ ಅಮೆರಿಕವನ್ನೂ ಸುತ್ತಿತು.

ಜಿನಾದು ಮತ್ತು ಮುರಾನಾ

ನನ್ನನ್ನು ಹೆಚ್ಚು ಕಾಡಿದ್ದು ಆತನ ಮೂರನೆಯ ನಾಟಕ, 1964ರ 'ಒಬಾ ವಾಜಾ'. ಇದು ಪುರಾಣವಲ್ಲ, ನಡೆದ ಘಟನೆ.

1944ರ ಡಿಸೆಂಬರ್ 19ರಂದು ಓಯೊದ ಅಲಾಫಿನ್ ಲಾಡಿಗ್ಬೊಲು, 33 ವರ್ಷ ಆಳಿ, ತೀರಿಕೊಂಡ. ಅರಸ ಸತ್ತರೆ ಅವನ ಅಶ್ವಪಾಲಕನೂ ಪ್ರಾಣ ಬಿಟ್ಟು ಪರಲೋಕದ ದಾರಿಯಲ್ಲಿ ಜೊತೆಯಾಗಬೇಕು ಎಂಬುದು ಸಂಪ್ರದಾಯ. ಬದುಕಿರುವಷ್ಟು ಕಾಲ ಅವನಿಗೆ ಸಲ್ಲುವ ಎಲ್ಲ ಸವಲತ್ತು, ಮರ್ಯಾದೆ ಆ ಒಂದು ದಿನದ ಲೆಕ್ಕಕ್ಕೆ. ಅಶ್ವಪಾಲಕನ ಹೆಸರು ಜಿನಾದು. 1945ರ ಜನವರಿಯ ಮೊದಲ ವಾರ ಆತ ಬಿಳಿ ಬಟ್ಟೆಯುಟ್ಟು ಓಯೊದ ಬೀದಿಗಳಲ್ಲಿ ಕುಣಿಯುತ್ತ ಸಾವಿನತ್ತ ಹೊರಟ. ಬ್ರಿಟಿಷ್ ಅಧಿಕಾರಿಗೆ ಸುದ್ದಿ ಮುಟ್ಟಿತು. ಜಿನಾದುವನ್ನು ಬಂಧಿಸಿ ಸಾವನ್ನು ತಪ್ಪಿಸಲಾಯಿತು. ತಂದೆ ತಪ್ಪಿದ ಕರ್ತವ್ಯವನ್ನು ಕಿರಿಯ ಮಗ ಮುರಾನಾ ತಾನು ಹೊತ್ತು ಪ್ರಾಣ ಕಳೆದುಕೊಂಡ.

ಜಿನಾದು ಎಂಬುದು ನಮ್ಮ ಜುನೈದ್‌ನ ಯೊರುಬ ರೂಪ. ಈ ಹೆಸರು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಜುನೈದ್ ಎಂದು ಹೆಸರಿಟ್ಟುಕೊಂಡವನು ಅರಸನ ಜೊತೆ ಸಾಯಲು ಬಿಳಿ ಬಟ್ಟೆಯುಟ್ಟು ಕುಣಿದು ಹೊರಟಾಗ ಮನಸ್ಸಿನಲ್ಲಿ ಏನಿತ್ತು? ಪ್ರಾಣ ಅಲ್ಲಾಹನ ಅಮಾನತ್, ಅದನ್ನು ತೆಗೆಯಲು ನಮಗೆ ಹಕ್ಕಿಲ್ಲ ಎಂದು ಕಲಿತವರು ನಾವು. ಆತನಿಗೆ ಹೆಸರು ಒಂದು ಲೋಕ ಕೊಟ್ಟಿತ್ತು, ಹುದ್ದೆ ಇನ್ನೊಂದು ಲೋಕ ಕೊಟ್ಟಿತ್ತು. ಎರಡರ ನಡುವೆ ಮೂರನೆಯ ಲೋಕದ ಪೊಲೀಸರು ಬಂದರು.

ಲಾಡಿಪೊನ ನಾಟಕದಲ್ಲಿ ತಪ್ಪು ಯಾರದೆಂಬುದರಲ್ಲಿ ಸಂದೇಹವಿಲ್ಲ. ಪರದೇಶಿ ಅಧಿಕಾರಿ ತನಗೆ ಅರ್ಥವಾಗದ ವ್ಯವಸ್ಥೆಯೊಳಗೆ ಕೈ ಹಾಕಿದ, ಒಂದು ಸಾವು ತಪ್ಪಿಸಲು ಹೋಗಿ ಇನ್ನೊಂದಕ್ಕೆ ಕಾರಣನಾದ, ಲೋಕದ ಸಮತೋಲವನ್ನು ಕೆಡಿಸಿದ. ಹನ್ನೊಂದು ವರ್ಷಗಳ ನಂತರ, 1975ರಲ್ಲಿ, ಸೋಯಿಂಕಾ ಇದೇ ಘಟನೆಯ ಮೇಲೆ 'ಡೆತ್ ಅಂಡ್ ದಿ ಕಿಂಗ್ಸ್ ಹಾರ್ಸ್‌ಮನ್' ಬರೆದ. ಅದು ಜಗತ್ತಿನ ರಂಗಭೂಮಿಯಲ್ಲಿ ಪ್ರಸಿದ್ಧ. ಅದರಲ್ಲಿ ಅಧಿಕಾರಿ ನೆಪ ಮಾತ್ರ. ಸಾಯಬೇಕಾದವನ ಒಳಗೇ ಬದುಕಿನ ಆಸೆ ಚಿಗುರಿ ಕಾಲು ತಡವರಿಸುತ್ತದೆ. ಸಂಸ್ಕೃತಿಗಳ ಘರ್ಷಣೆ ಎಂದು ಈ ನಾಟಕಕ್ಕೆ ಹಣೆಪಟ್ಟಿ ಹಚ್ಚಬೇಡಿ ಎಂದು ಸೋಯಿಂಕಾ ಮುನ್ನುಡಿಯಲ್ಲೇ ಎಚ್ಚರಿಸಿದ್ದಾನೆ. ಲಾಡಿಪೊನ ಮಗ ವ್ಯಾಪಾರಕ್ಕೆಂದು ಘಾನಾಕ್ಕೆ ಹೋಗಿ ಮರಳಿದವನು, ಸೋಯಿಂಕಾನ ಮಗ ಇಂಗ್ಲೆಂಡಿನಲ್ಲಿ ವೈದ್ಯಕೀಯ ಓದಿ ಮರಳಿದವನು. ಇಷ್ಟರಲ್ಲೇ ಇಬ್ಬರು ಬರಹಗಾರರ ಪ್ರೇಕ್ಷಕರು ಯಾರೆಂದು ತಿಳಿಯುತ್ತದೆ.

ನಾನು ಲಾಡಿಪೊನ ತೀರ್ಪನ್ನು ಪೂರ್ತಿ ಒಪ್ಪಲಾರೆ. ಸಾಯಲು ಹೊರಟವನ ಕೈ ಹಿಡಿದು ನಿಲ್ಲಿಸುವುದು ತಪ್ಪೆಂದು ನನ್ನ ದೀನ್ ಹೇಳುವುದಿಲ್ಲ, ನನ್ನ ಮನಸ್ಸೂ ಹೇಳುವುದಿಲ್ಲ. ಸಂಪ್ರದಾಯ ಎಂಬ ಮಾತಿನ ನೆರಳಲ್ಲಿ ಅರಸನಿಗಾಗಿ ಆಳು ಸಾಯಬೇಕೆಂಬ ಲೆಕ್ಕವನ್ನು ಪ್ರಶ್ನಿಸದೆ ಬಿಡಲೂ ಆಗದು. ಆದರೆ ಅದನ್ನು ನಿಲ್ಲಿಸುವ ಅಧಿಕಾರ ಯಾರಿಗಿತ್ತು? ಅದೇ ಹೊತ್ತಿನಲ್ಲಿ ಬ್ರಿಟಿಷರು ಆಫ್ರಿಕದ ಹುಡುಗರನ್ನು ಬರ್ಮಾದ ಕಾಡುಗಳಲ್ಲಿ ತಮ್ಮ ದೊರೆಗಾಗಿ ಸಾಯಲು ಕಳಿಸಿದ್ದರು. ಆ ಸಾವಿಗೆ ಪದಕವಿತ್ತು, ಜಿನಾದುವಿನ ಸಾವಿಗೆ ಜೈಲು. ಒಳಗಿನವರು, ಜಿನಾದುವಿನದೇ ಮಸೀದಿಯವರೋ ಮನೆಯವರೋ, ಅವನ ತೋಳು ಹಿಡಿದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ, ಮುರಾನಾ ಉಳಿಯುತ್ತಿದ್ದನೇನೋ. ಲಾಡಿಪೊನ ನಾಟಕ ನನಗೆ ಉತ್ತರ ಕೊಡಲಿಲ್ಲ. ಈ ಪ್ರಶ್ನೆಯನ್ನು ಬಿಟ್ಟು ಹೋಗಲೂ ಅದು ಬಿಡಲಿಲ್ಲ.

ಯಾರ ನಾಟಕ?

ಲಾಡಿಪೊನ ಬಗ್ಗೆ ಒಂದು ಆಕ್ಷೇಪವಿದೆ. ಆತನನ್ನು ತಯಾರಿಸಿದ್ದು ಬೈಯರ್, ಯುರೋಪಿನವರಿಗೆ ಬೇಕಾದ ಆಫ್ರಿಕವನ್ನು ಅವನ ಕೈಯಲ್ಲಿ ಮಾಡಿಸಿದರು ಎಂಬುದು. ಬೈಯರ್ ಪ್ರಭಾವ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಇತಿಹಾಸದ ವಸ್ತುವಿನತ್ತ ತಿರುಗಿಸಿದವರಲ್ಲಿ ಆತನಿದ್ದ. ಮೂರು ನಾಟಕಗಳನ್ನು ಇಂಗ್ಲಿಷಿಗೆ ತಂದು 1964ರಲ್ಲಿ ಪ್ರಕಟಿಸಿದವನೂ ಆತನೇ. ಒಬೊತುಂಡೆ ಇಜಿಮೆರೆ ಎಂಬ ಯೊರುಬ ಹೆಸರಿಟ್ಟುಕೊಂಡು ತಾನೇ ನಾಟಕಗಳನ್ನೂ ಬರೆದ. ಯುರೋಪಿನ 'ಎವ್ರಿಮನ್' ಕಥೆಯ ಯೊರುಬ ರೂಪವಾದ 'ಎದಾ' ಆ ಹೆಸರಿನಲ್ಲೇ ಬಂದದ್ದು, ಲಾಡಿಪೊ ಅದನ್ನು ಆಡಿದ.

ಆದರೆ ಒರಿಕಿಯನ್ನು ಬಾಯಿಪಾಠ ಮಾಡಿದ್ದು, ಬಾತಾದ ಲಯಕ್ಕೆ ಮಾತು ಕೂಡಿಸಿದ್ದು ಯೊರುಬ ಕಿವಿಯ ಕೆಲಸ. ಹೊರಗಿನವನೊಬ್ಬನ ಕೈಯಲ್ಲಿ ಅದು ಆಗುವಂಥದ್ದಲ್ಲ. 1966ರ ಕೊನೆಯಲ್ಲಿ ಬೈಯರ್ ನೈಜೀರಿಯಾ ಬಿಟ್ಟು ಪಪುವಾ ನ್ಯೂಗಿನಿಗೆ ಹೋದ. ಲಾಡಿಪೊ ಆಮೇಲೂ ಹನ್ನೊಂದು ವರ್ಷ ನಾಟಕ ಕಟ್ಟಿದ. ಊರಿಗಾಗಿ ಮಗನನ್ನೇ ಬಲಿಕೊಟ್ಟ ಇಫೆಯ ವೀರಮಹಿಳೆ ಮೊರೆಮಿಯ ಕಥೆಯನ್ನು ರಂಗಕ್ಕೆ ತಂದ. ಟೆಲಿವಿಷನ್ನಿನಲ್ಲಿ 'ಬೊದೆ ವಾಸಿಮಿ' ಎಂಬ ಧಾರಾವಾಹಿ ಮಾಡಿದ. ಆತನ ತಂಡದಲ್ಲಿ ಬೆಳೆದ ಲೆರೆ ಪೈಮೊ ಮುಂತಾದವರು ಯೊರುಬ ಚಲನಚಿತ್ರಗಳ ಹೆಸರಾಂತ ನಟರಾದರು. ಇಬಾದಾನಿನ ಆಫ್ರಿಕನ್ ಅಧ್ಯಯನ ಸಂಸ್ಥೆ 'ಒಬಾ ಕೊಸೊ'ದ ಪೂರ್ಣ ಪಾಠವನ್ನು ಯೊರುಬ ಮತ್ತು ಇಂಗ್ಲಿಷಿನಲ್ಲಿ ಅಚ್ಚು ಹಾಕಿತು.

ಮನೆಯಲ್ಲಿ ಉರ್ದು, ಶಾಲೆಯಲ್ಲಿ ಉರ್ದು ಕನ್ನಡ ಎರಡೂ ಕಲಿತ ನನ್ನಂಥವರಿಗೆ ಇಂಥ ಪ್ರಶ್ನೆ ಆಗಾಗ ಎದುರಾಗುತ್ತದೆ. ನೀನು ಬರೆಯುವುದು ಯಾರದು, ಯಾವ ಪರಂಪರೆಯದು ಎಂದು. ಲಾಡಿಪೊನಿಗೆ ಕ್ರೈಸ್ತರು ನೀನು ಅನ್ಯದೈವದವನಾದೆ ಎಂದರು. ಓದಿದವರು ನಿನ್ನನ್ನು ಬಿಳಿಯ ಮಾಡಿದ ಎಂದರು. ಆತ ಚರ್ಚಿಗೆಂದು ಹಾಡು ಕಟ್ಟುವುದರಿಂದ ಶುರುಮಾಡಿದವನು. ತನ್ನ ದೇವರನ್ನು ತನ್ನ ಜನರ ನಾದದಲ್ಲಿ ಸ್ತುತಿಸಬೇಕು ಎಂಬುದಷ್ಟೇ ಆತನ ಮೊದಲ ಆಸೆಯಾಗಿತ್ತು. ಬಾಗಿಲು ಮುಚ್ಚಿದ ಮೇಲೆ ಆ ಡೋಲು ಎಲ್ಲಿ ಹುಟ್ಟಿತ್ತೋ ಅಲ್ಲಿಯವರೆಗೆ ನಡೆದುಹೋದ.

1978ರ ಮಾರ್ಚ್ 11ರಂದು ಡೂರೊ ಲಾಡಿಪೊ ತೀರಿಕೊಂಡ. ಆ ದಿನ ಭಾರಿ ಗುಡುಗು ಮಳೆ ಬಂತು, ಶಾಂಗೊ ತನ್ನವನನ್ನು ಕರೆದುಕೊಂಡ ಎಂದು ಜನ ಇಂದಿಗೂ ಹೇಳುತ್ತಾರೆ. ಅಬಿಯೊದುನ್ ತಂಡವನ್ನು ಒಡೆಯಗೊಡದೆ ಮುನ್ನಡೆಸಿದಳು.

ಒಶೊಗ್ಬೊದಲ್ಲಿ ಓಶುನ್ ನದಿಯ ದೇವಿಯ ಕಾಡು 2005ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಪ್ರತಿ ವರ್ಷ ಅಲ್ಲಿನ ಜಾತ್ರೆಗೆ ಊರ ಅರಸ ಬರಲೇಬೇಕು. 1976ರಿಂದೀಚೆಗೆ ಆ ಪಟ್ಟದಲ್ಲಿ ಕೂತವರು ಮುಸ್ಲಿಮರು. ಇದನ್ನು ಒಪ್ಪದ ಉಲೆಮಾಗಳು ಅಲ್ಲಿ ಇದ್ದಾರೆ, ಒಪ್ಪಿ ಸುಮ್ಮನಿರುವ ನೆರೆಯವರೂ ಇದ್ದಾರೆ. ಇನ್ನು ಚರ್ಚಿನ ಮಾತು. ಯೊರುಬ ನಾಡಿನ ಆಂಗ್ಲಿಕನ್ ಸಭೆಗಳಲ್ಲಿ ಇಂದು ಭಾನುವಾರ ಹೋಗಿ ಕುಳಿತರೆ ಹಾಡುಗಳ ಜೊತೆಗೆ ದುಂದುನ್ ಕೇಳುತ್ತದೆ. ಹೆಗಲಿಗೆ ಡೋಲು ಹಾಕಿಕೊಂಡ ಹುಡುಗರು ಒಳಗೇ ನಿಂತಿರುತ್ತಾರೆ, ಯಾರೂ ಅವರನ್ನು ಹೊರಗೆ ಹೋಗಿ ಎನ್ನುವುದಿಲ್ಲ.